ಹಕ್ಕಿ ವ್ಯಾಪಾರದ ಪಂಜರಗಳಲ್ಲಿ ಬೆಳೆಯುವ ರೋಗ

1929ರ ಕೊನೆಯ ತಿಂಗಳುಗಳಲ್ಲಿ ದಕ್ಷಿಣ ಅಮೆರಿಕದ ಗಿಳಿಗಳು ಹಡಗುಗಳಲ್ಲಿ ಬಂದು ಯುರೋಪ್ ಮತ್ತು ಅಮೆರಿಕದ ಮನೆಗಳನ್ನು ಸೇರಿದವು. ಅವುಗಳ ಬೆನ್ನಿಗೇ ಜ್ವರ, ವಿಪರೀತ ತಲೆನೋವು, ಒಣಕೆಮ್ಮು, ನ್ಯುಮೋನಿಯಾ ಕಾಣಿಸಿಕೊಂಡವು. ಇದೇ ಸಿಟಕೋಸಿಸ್, ಜನರ ಬಾಯಲ್ಲಿ ಗಿಳಿಜ್ವರ. 1930ರ ಜನವರಿಯಲ್ಲಿ ಅಮೆರಿಕ ಗಿಳಿಗಳ ಆಮದನ್ನೇ ನಿಷೇಧಿಸಿತು. ಆ ಹೊತ್ತಿಗೆ ವಾಷಿಂಗ್ಟನ್‌ನ ಸರ್ಕಾರಿ ಪ್ರಯೋಗಾಲಯವೊಂದು ತನ್ನ ನೆಲಮಾಳಿಗೆಯಲ್ಲಿ ಕಾಯಿಲೆ ಬಿದ್ದ ಗಿಳಿಗಳನ್ನು ಇಟ್ಟುಕೊಂಡು ಕಾರಣ ಹುಡುಕುತ್ತಿತ್ತು. ಗಿಳಿಗಳ ಆರೈಕೆಗೆ ನಿಂತಿದ್ದ ಸಹಾಯಕರೊಬ್ಬರು ತೀರಿಕೊಂಡರು. ಹಕ್ಕಿಗಳ ಬಳಿ ಸುಳಿಯದೆ ಮೇಲಿನ ಮಹಡಿಗಳಲ್ಲಿ ಕೆಲಸ ಮಾಡುತ್ತಿದ್ದವರೂ ಹಾಸಿಗೆ ಹಿಡಿದರು. ಕೊನೆಗೆ ನಿರ್ದೇಶಕ ಜಾರ್ಜ್ ಮೆಕಾಯ್ ತಾವೇ ಆ ಗಿಳಿಗಳನ್ನು ಕೊಂದು, ಇಡೀ ಕಟ್ಟಡಕ್ಕೆ ಸಯನೈಡ್ ಹೊಗೆ ಹಾಯಿಸಬೇಕಾಯಿತು.

ರೋಗ ಮೇಲಿನ ಮಹಡಿಗೆ ಹೋದದ್ದು ಗಾಳಿಯಲ್ಲಿ. ಹಿಕ್ಕೆ ಒಣಗಿ ಪುಡಿಯಾಗುತ್ತದೆ, ಪುಕ್ಕಗಳ ಧೂಳಿನೊಡನೆ ಮೇಲೇಳುತ್ತದೆ, ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಕ್ಕಿ ಕಚ್ಚಲೇಬೇಕೆಂದಿಲ್ಲ.

ಹಾಗಾದರೆ ಮರದ ಮೇಲಿನ ಗಿಳಿಗೂ ನಾವು ಹೆದರಬೇಕೇ? ಇಲ್ಲ. ಕಾಡು ಹಕ್ಕಿಯ ದೇಹದಲ್ಲಿ ಗಿಳಿಜ್ವರ ತರುವ ಬ್ಯಾಕ್ಟೀರಿಯಾ ಬಹುಕಾಲ ಸದ್ದಿಲ್ಲದೆ ಇರಬಲ್ಲದು. ಬಲೆಗೆ ಬಿದ್ದ ಹಕ್ಕಿಯ ಸ್ಥಿತಿಯೇ ಬೇರೆ. ಭಯ, ಹಸಿವು, ಸೆಕೆ, ಇಕ್ಕಟ್ಟು ಎಲ್ಲವೂ ಸೇರಿ ಅದರ ರೋಗನಿರೋಧಕ ಶಕ್ತಿ ಕುಸಿಯುತ್ತದೆ, ಹಿಕ್ಕೆಯಲ್ಲಿ ರೋಗಾಣುಗಳು ಹೆಚ್ಚಾಗಿ ಹೊರಬೀಳತೊಡಗುತ್ತವೆ. ಪ್ರಕೃತಿಯಲ್ಲಿ ಎಂದೂ ಭೇಟಿಯಾಗದ ಎರಡು ಖಂಡಗಳ ಹಕ್ಕಿಗಳು ವ್ಯಾಪಾರದಲ್ಲಿ ಒಂದರ ಮೇಲೊಂದು ಪೇರಿಸಿದ ಪಂಜರಗಳಲ್ಲಿರುತ್ತವೆ. ಮೇಲಿನದರ ಹಿಕ್ಕೆ ಕೆಳಗಿನದರ ನೀರಿಗೆ ಬೀಳುತ್ತದೆ. ಹಿಡಿಯುವವರು, ಸಾಗಿಸುವವರು, ಮಾರುವವರು ದಿನವಿಡೀ ಅದೇ ಗಾಳಿಯನ್ನು ಉಸಿರಾಡುತ್ತಾರೆ. ರೋಗ ಹೊತ್ತು ತಂದ ಹಕ್ಕಿಯ ಮೇಲೆ ತಪ್ಪು ಹೊರಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ರೋಗ ಹರಡಲು ಬೇಕಾದ ಎಲ್ಲವನ್ನೂ ಜೋಡಿಸಿಕೊಡುತ್ತಿರುವುದು ಈ ವ್ಯಾಪಾರ.

ಇನ್ನೊಂದು ತೊಡಕಿದೆ. ಕಾಡಿನಲ್ಲಿ ಬಳಲಿದಂತೆ ಕಂಡ ಹಕ್ಕಿ ಬೇಟೆಗಾರ ಪ್ರಾಣಿಗೆ ಸುಲಭದ ತುತ್ತು. ಆದ್ದರಿಂದ ಹಕ್ಕಿಗಳು ಕಾಯಿಲೆಯನ್ನು ಕೊನೆಯ ಗಳಿಗೆಯವರೆಗೂ ತೋರಗೊಡುವುದಿಲ್ಲ. 2004ರ ಅಕ್ಟೋಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನೊಬ್ಬನ ಕೈಚೀಲದಲ್ಲಿ ಬ್ರಸೆಲ್ಸ್ ವಿಮಾನ ನಿಲ್ದಾಣದ ಅಧಿಕಾರಿಗಳಿಗೆ ಎರಡು ಜೀವಂತ ಹದ್ದುಗಳು ಸಿಕ್ಕವು. ಬಟ್ಟೆ ಸುತ್ತಿ, ಬೆತ್ತದ ಕೊಳವೆಗಳಲ್ಲಿ ತುರುಕಲಾಗಿತ್ತು. ನೋಡಲು ಆರೋಗ್ಯವಾಗಿಯೇ ಇದ್ದವು. ಪರೀಕ್ಷಿಸಿದಾಗ ಎರಡರಲ್ಲೂ ಗಿಳಿಜ್ವರವಲ್ಲದ ಇನ್ನೊಂದು ರೋಗ, ಹಕ್ಕಿಜ್ವರದ ಎಚ್5ಎನ್1 ವೈರಸ್ ಪತ್ತೆಯಾಯಿತು. ಅವು ಸಿಕ್ಕಿಬಿದ್ದದ್ದು ಮಾದಕ ವಸ್ತುಗಳಿಗಾಗಿ ನಡೆದ ತಪಾಸಣೆಯಲ್ಲಿ. ಹಕ್ಕಿಗಳನ್ನು ಹುಡುಕುತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ!

ಈ ವೈರಸ್ ಮನುಷ್ಯರಿಗೆ ಅಪರೂಪವಾಗಿ ಅಂಟುತ್ತದೆ, ಅಂಟಿದರೆ ಭೀಕರ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಮಂದಿಗೆ ತಗುಲಿ 6 ಮಂದಿ ಸತ್ತರು. ಅಲ್ಲಿ ಅದು ಬಂದದ್ದು ಜೀವಂತ ಕೋಳಿಗಳ ಮಾರುಕಟ್ಟೆಗಳಿಂದ. ಕಾಡು ಹಕ್ಕಿಗಳ ಸಂತೆಯಲ್ಲೂ ಅದೇ ದಟ್ಟಣೆ, ಅದೇ ಬೆರಕೆ ಇರುತ್ತದೆ.

2005ರಲ್ಲಿ ಬ್ರಿಟನ್ನಿನ ಎಸೆಕ್ಸ್‌ನಲ್ಲಿ, ಆಮದಾದ ಹಕ್ಕಿಗಳನ್ನು ಪ್ರತ್ಯೇಕವಾಗಿರಿಸುವ ಕೇಂದ್ರದಲ್ಲಿಯೇ ಎಚ್5ಎನ್1 ಕಾಣಿಸಿತು. ತೈವಾನ್‌ನಿಂದ ಬಂದ ಪುಟ್ಟ ಹಾಡುಹಕ್ಕಿಗಳು ಸತ್ತವು. ಯುರೋಪಿಯನ್ ಒಕ್ಕೂಟ ಕಾಡು ಹಕ್ಕಿಗಳ ಆಮದನ್ನು ಮೊದಲು ತಾತ್ಕಾಲಿಕವಾಗಿ, 2007ರ ಜುಲೈನಿಂದ ಶಾಶ್ವತವಾಗಿ ನಿಲ್ಲಿಸಿತು. ನಂತರದ ವರ್ಷಗಳಲ್ಲಿ ಜಗತ್ತಿನ ಅಧಿಕೃತ ಕಾಡು ಹಕ್ಕಿ ವ್ಯಾಪಾರ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯಿತು. ನಿಷೇಧದಿಂದ ಕಳ್ಳಸಾಗಣೆ ಹೆಚ್ಚುತ್ತದೆ ಎಂಬ ವಾದವಿದೆ, ಅದನ್ನು ತಳ್ಳಿಹಾಕಲಾಗದು. ಆದರೂ ಬೇಡಿಕೆಯ ದೊಡ್ಡ ಬಾಗಿಲೊಂದನ್ನು ಮುಚ್ಚಿದ್ದು ಸರಿಯಾದ ಕ್ರಮವೆಂದೇ ನಾನು ನಂಬುತ್ತೇನೆ. ಗಡಿಯಲ್ಲಿ ಪ್ರತಿ ಹಕ್ಕಿಯನ್ನೂ ಪರೀಕ್ಷಿಸುವುದು ಯಾವ ದೇಶಕ್ಕೂ ಸಾಧ್ಯವಿಲ್ಲ.

ಈಗಾಗಲೇ ಮನೆಯಲ್ಲಿ ಹಕ್ಕಿ ಸಾಕಿರುವವರು ಪಂಜರವನ್ನು ಒಣಗಿದ್ದಾಗ ಗುಡಿಸಬಾರದು, ಹಿಕ್ಕೆಯನ್ನು ನೀರಿನಿಂದ ನೆನೆಸಿ ಒರೆಸಬೇಕು. ಜ್ವರ, ತಲೆನೋವು, ಒಣಕೆಮ್ಮು ಬಂದರೆ ಹಕ್ಕಿಯಿರುವುದನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು. ಗಿಳಿಜ್ವರ ಇತರ ನ್ಯುಮೋನಿಯಾಗಳಂತೆಯೇ ಕಾಣುತ್ತದೆ. ಸುಳಿವು ಸಿಕ್ಕರೆ ಡಾಕ್ಸಿಸೈಕ್ಲಿನ್ ಮಾತ್ರೆಗಳಿಂದ ಬಹುತೇಕರು ಗುಣವಾಗುತ್ತಾರೆ.