ಮಳೆಗಾಲದ ಮನೆ-ಕಚೇರಿಗೆ ಎಷ್ಟು ಬ್ಯಾಟರಿ ಬೇಕು?

ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ವಿದ್ಯುತ್ತು ಎರಡು ಬಗೆಯಲ್ಲಿ ಕೈಕೊಡುತ್ತದೆ. ಗಾಳಿಗೆ ತೂಗುವ ಕೊಂಬೆ ತಂತಿಗೆ ತಾಗಿದಾಗಲೆಲ್ಲ ಒಂದೆರಡು ಸೆಕೆಂಡು ಹೋಗಿ ಬರುವುದು ಒಂದು ಬಗೆ. ಮರವೇ 11 ಕೆವಿ ಮಾರ್ಗದ ಮೇಲೆ ಒರಗಿ ಕಂಬ ಮುರಿದು, ಲೈನ್‌ಮನ್‌ಗಳು ಸುರಿಯುವ ಮಳೆಯಲ್ಲಿ ಜಾಗ ಹುಡುಕಿ ಸರಿಪಡಿಸುವವರೆಗೆ ಇಡೀ ದಿನ ಇಲ್ಲವಾಗುವುದು ಇನ್ನೊಂದು. 2020ರ ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿ ಉಪ್ಪರಿಗೆಯ ಕೋಣೆಯನ್ನೇ ಕಚೇರಿ ಮಾಡಿಕೊಂಡ ಹಲವರು ಈ ಎರಡಕ್ಕೂ ಒಂದೇ ಮದ್ದೆಂದು ದೊಡ್ಡದೊಂದು ಇನ್ವರ್ಟರ್ ತಂದಿಟ್ಟರು. ಆದರೆ ಮೊದಲನೆಯದು ಮಿಲಿಸೆಕೆಂಡುಗಳ ಸಮಸ್ಯೆ, ಎರಡನೆಯದು ಎಷ್ಟು ವ್ಯಾಟ್ ಎಷ್ಟು ಗಂಟೆ ಬೇಕೆಂಬ, ಅಂದರೆ ವ್ಯಾಟ್-ಅವರ್‌ಗಳ ಸಮಸ್ಯೆ. ಒಂದಕ್ಕೆ ತಂದ ಮದ್ದು ಇನ್ನೊಂದಕ್ಕೆ ನಾಟಲೇಬೇಕೆಂದಿಲ್ಲ.

ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳ ಪರ್ಯಾಯ ಪ್ರವಾಹ. ಒಂದು ಆವರ್ತನಕ್ಕೆ 20 ಮಿಲಿಸೆಕೆಂಡು. ಕರೆಂಟು ಹೋದದ್ದನ್ನು ಇನ್ವರ್ಟರ್ ಗುರುತಿಸಿ, ಒಳಗಿನ ರಿಲೇ (ತಾನಾಗಿ ಹೊರಳುವ ಸ್ವಿಚ್ಚು) ಬ್ಯಾಟರಿಯ ಕಡೆಗೆ ಹೊರಳುವಷ್ಟರಲ್ಲಿ ಸಾಮಾನ್ಯವಾಗಿ 20ರಿಂದ 40 ಮಿಲಿಸೆಕೆಂಡು ಕಳೆದಿರುತ್ತದೆ. ಫ್ಯಾನು, ದೀಪಗಳಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿಯಿದೆ. ಪೆಟ್ಟು ಬೀಳುವುದು ರೌಟರಿಗೆ. ಅದರ ಅಡಾಪ್ಟರಿನೊಳಗಿನ ಕೆಪಾಸಿಟರ್ ಹಿಡಿದಿಟ್ಟುಕೊಂಡಿರುವ ಶಕ್ತಿ ಒಂದು ಜೂಲಿನ ಆಸುಪಾಸಿನದು. ಹತ್ತು ವ್ಯಾಟ್ ಉಣ್ಣುವ ರೌಟರನ್ನು ಅದು ಕೆಲವು ಹತ್ತು ಮಿಲಿಸೆಕೆಂಡುಗಳ ಕಾಲ ಮಾತ್ರ ಸಾಕಬಲ್ಲದು. ರಿಲೇ ಒಂದಿಷ್ಟು ತಡಮಾಡಿದರೆ ರೌಟರ್ ಆರಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ತಂತ್ರಾಂಶ ಏಳಬೇಕು, ಫೈಬರ್ ಸಂಪರ್ಕ ಕೂಡಬೇಕು, ಲಾಗಿನ್ ಆಗಬೇಕು, ಆಮೇಲೆ ವೈಫೈ ಬರಬೇಕು. ಮಿಲಿಸೆಕೆಂಡುಗಳ ಅಡಚಣೆಗೆ ಎರಡು-ಮೂರು ನಿಮಿಷಗಳ ದಂಡ. ಅಷ್ಟರಲ್ಲಿ ಮೀಟಿಂಗು ನಮ್ಮನ್ನು ಬಿಟ್ಟು ಮುಂದೆ ಹೋಗಿರುತ್ತದೆ.

ಹೆಚ್ಚಿನ ಇನ್ವರ್ಟರ್‌ಗಳಲ್ಲಿ ‘ಯುಪಿಎಸ್’ ಎಂದು ಬರೆದ ಸಣ್ಣ ಸ್ವಿಚ್ಚೊಂದು ಇರುತ್ತದೆ. ಅದನ್ನು ಆ ಕಡೆಗೆ ಸರಿಸಿದರೆ ಹೊರಳುವ ಸಮಯ ಸುಮಾರು 10 ಮಿಲಿಸೆಕೆಂಡಿಗೆ ಇಳಿಯುತ್ತದೆ, ರೌಟರ್ ಉಳಿಯುತ್ತದೆ. ಆದರೆ ಈ ಸ್ಥಿತಿಯಲ್ಲಿ ಯಂತ್ರವು ವೋಲ್ಟೇಜಿನ ಏರಿಳಿತವನ್ನು ಅಷ್ಟಾಗಿ ಸಹಿಸುವುದಿಲ್ಲ. ಮಾರ್ಗದ ವೋಲ್ಟೇಜು 180ರ ಸುಮಾರಿಗೆ ಇಳಿದರೆ, ಕರೆಂಟು ಇದ್ದೂ ಇಲ್ಲವೆಂದೇ ಬಗೆದು ಬ್ಯಾಟರಿಗೆ ಹೊರಳಿಬಿಡುತ್ತದೆ. ಸಂಜೆಯಾಗುತ್ತಲೇ ದೀಪ ಮಂಕಾಗುವ ಊರಿನಲ್ಲಿ ಹೀಗೆ ಬ್ಯಾಟರಿ ದಿನವೂ ಸುಮ್ಮನೆ ಬರಿದಾಗುತ್ತಿರುತ್ತದೆ. ಅಂಥಲ್ಲಿ ಇನ್ವರ್ಟರನ್ನು ಅದರ ಸಾಮಾನ್ಯ ಸ್ಥಿತಿಯಲ್ಲೇ ಬಿಟ್ಟು, ರೌಟರಿಗೆಂದೇ ಮಾರುವ ಅಂಗೈಯಗಲದ 12 ವೋಲ್ಟಿನ ಯುಪಿಎಸ್ ಹಾಕುವುದು ಜಾಣತನವೆಂದು ನನಗೆ ತೋರುತ್ತದೆ. ಅದರಲ್ಲಿ ಬ್ಯಾಟರಿ ಸದಾ ಜೋಡಿಕೊಂಡೇ ಇರುವುದರಿಂದ ಹೊರಳುವ ಪ್ರಶ್ನೆಯೇ ಏಳುವುದಿಲ್ಲ.

ಆದರೆ ಅದರ ಡಬ್ಬಿಯ ಮೇಲಿನ ಅಂಕಿಯನ್ನು ಎಚ್ಚರದಿಂದ ಓದಬೇಕು. 10,000 ಎಂಎಎಚ್ (ಮಿಲಿಆಂಪಿಯರ್-ಅವರ್) ಎಂದಿದ್ದರೆ ಅದು ಬಹುಪಾಲು 3.7 ವೋಲ್ಟಿನ ಲೆಕ್ಕ. ಗುಣಿಸಿದರೆ ಸಿಗುವುದು 37 ವ್ಯಾಟ್-ಅವರ್. ಹತ್ತು ವ್ಯಾಟಿನ ರೌಟರಿಗೆ ಅದು ಮೂರು ಗಂಟೆಯ ಚಿಲ್ಲರೆ. ಹೆಸರಿನಲ್ಲಿ ಆಂಪಿಯರ್ ಇದ್ದರೂ, ವೋಲ್ಟ್ ಇದ್ದರೂ, ವಿಎ ಇದ್ದರೂ ಕೊನೆಗೆ ಹೋಲಿಸಬೇಕಾದದ್ದು ವ್ಯಾಟ್-ಅವರ್ ಒಂದನ್ನೇ.

ದಿನಗಟ್ಟಲೆ ಕರೆಂಟಿಲ್ಲದ ಹೊತ್ತಿಗೆ ಈ ಲೆಕ್ಕ ಇನ್ನೂ ಮುಖ್ಯ. ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟ್, 150 ಆಂಪಿಯರ್-ಅವರ್‌ನ ಟ್ಯೂಬುಲರ್ (ಸೀಸ-ಆಮ್ಲದ ಒಂದು ಬಗೆ) ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದೆ. ಲ್ಯಾಪ್‌ಟಾಪಿಗೆ 30, ಮಾನಿಟರಿಗೆ 20, ರೌಟರಿಗೆ 10, ಎಲ್‌ಇಡಿ ದೀಪಕ್ಕೆ 9, ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನಿಗೆ 30 ಎಂದು ಹಿಡಿದರೆ ಒಟ್ಟು ಹೆಚ್ಚುಕಡಿಮೆ ನೂರು ವ್ಯಾಟ್. ಇನ್ವರ್ಟರ್ ತಾನು ತಿನ್ನುವ ಪಾಲನ್ನೂ ಸೇರಿಸಿದರೆ ಬ್ಯಾಟರಿಯಿಂದ ಹೊರಡುವುದು 120-125 ವ್ಯಾಟ್. ಬ್ಯಾಟರಿಯನ್ನು ಪೂರ್ತಿ ಹಿಂಡದೆ ಅರ್ಧಕ್ಕೇ ನಿಲ್ಲಿಸಿದರೂ ಏಳು ಗಂಟೆಯ ಕೆಲಸ ಸಾಗುತ್ತದೆ. ಅದೇ ಕೋಣೆಯಲ್ಲಿ 75 ವ್ಯಾಟಿನ ಹಳೆಯ ಫ್ಯಾನೂ ಡೆಸ್ಕ್‌ಟಾಪ್ ಕಂಪ್ಯೂಟರೂ ಇದ್ದು ಹೊರೆ 300 ವ್ಯಾಟಿಗೆ ಏರಿತೆನ್ನಿ. ಹೊರೆ ಮೂರು ಪಟ್ಟಾದರೆ ಅವಧಿ ಮೂರರಲ್ಲೊಂದಾಗಬೇಕಷ್ಟೆ ಎಂದುಕೊಂಡರೆ ತಪ್ಪು; ಅದಕ್ಕಿಂತಲೂ ಕಡಿಮೆಯಾಗುತ್ತದೆ. 150 ಎಂಬ ಅಂಕಿ 20 ಗಂಟೆಗಳಲ್ಲಿ ನಿಧಾನವಾಗಿ ಬರಿದುಮಾಡಿದಾಗ ಸಿಗುವ ಸಾಮರ್ಥ್ಯ. ಅವಸರದಲ್ಲಿ ಎಳೆದರೆ ಆಮ್ಲವು ತಟ್ಟೆಗಳ ರಂಧ್ರಗಳೊಳಗೆ ಅಷ್ಟೇ ವೇಗವಾಗಿ ಇಳಿಯಲಾರದೆ ಬ್ಯಾಟರಿ ಬೇಗನೆ ಸೋಲುತ್ತದೆ. ಜರ್ಮನಿಯ ವಿಲ್ಹೆಲ್ಮ್ ಪಾಯ್ಕರ್ಟ್ 1897ರಲ್ಲಿ ಇದನ್ನು ಒಂದು ಸೂತ್ರಕ್ಕೆ ಇಳಿಸಿದ. ಆದ್ದರಿಂದ ಎರಡನೆಯ ಬ್ಯಾಟರಿ ಕೊಳ್ಳುವ ಮುನ್ನ ಫ್ಯಾನು ಬದಲಿಸುವುದು ಅಗ್ಗದ ದಾರಿ.

ಸೀಸ-ಆಮ್ಲ ಬ್ಯಾಟರಿಯನ್ನು ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ಇಷ್ಟು ವರ್ಷ ಬಾಳಿದ ಈ ರಸಾಯನಕ್ಕೆ ಮಲೆನಾಡಿನ ಮಳೆಗಾಲದಲ್ಲಿ ಆಗುವ ನಿಜವಾದ ತೊಂದರೆ ಬರಿದಾಗುವುದಲ್ಲ, ತುಂಬಿಕೊಳ್ಳಲು ಬಿಡುವು ಸಿಗದಿರುವುದು. ಬ್ಯಾಟರಿ ಬರಿದಾಗುವಾಗ ಎರಡೂ ಬಗೆಯ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಮತ್ತೆ ಸೀಸ, ಸೀಸದ ಡೈಆಕ್ಸೈಡ್ ಮತ್ತು ಆಮ್ಲವಾಗುತ್ತದೆ. 150 ಆಂಪಿಯರ್-ಅವರ್ ತುಂಬಲು ಹತ್ತು-ಹನ್ನೆರಡು ಗಂಟೆ ಬೇಕು. ಎರಡು ಗಂಟೆ ಕರೆಂಟು ಬಂದು ಮತ್ತೆ ಹೋಗುವ ವಾರಗಳಲ್ಲಿ ಸಲ್ಫೇಟ್ ಪೂರ್ತಿ ಕರಗದೆ ಉಳಿದು, ಗಟ್ಟಿ ಹರಳುಗಟ್ಟಿ, ಆ ಜಾಗವನ್ನು ಶಾಶ್ವತವಾಗಿ ನಿರುಪಯುಕ್ತ ಮಾಡುತ್ತದೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ‘ಬ್ಯಾಟರಿ ನಿಲ್ಲುವುದಿಲ್ಲ’ ಎಂಬ ದೂರು ಬಂದರೆ, ಡಿಸ್ಟಿಲ್ಡ್ ವಾಟರ್ ಕಡಿಮೆಯಾಗಿದೆಯೇ ಎಂದು ನೋಡುವುದರ ಜೊತೆಗೆ ಇದನ್ನೂ ಶಂಕಿಸಬೇಕು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಅರ್ಧ ತುಂಬಿದ ಸ್ಥಿತಿಯಲ್ಲಿ ದಿನಗಟ್ಟಲೆ ಇದ್ದರೂ ಹಾನಿಯಿಲ್ಲ. ವೇಗವಾಗಿ ತುಂಬಿಕೊಳ್ಳುತ್ತದೆ, ಸಾವಿರಾರು ಸಲ ತುಂಬಿ ಬರಿದಾಗಬಲ್ಲದು. ಅದರ ಕ್ಯಾಥೋಡಿನ (ಧನ ತುದಿಯ) ವಸ್ತುವನ್ನು 1990ರ ದಶಕದಲ್ಲಿ ಪರಿಚಯಿಸಿದ್ದು, ಮುಂದೆ 2019ರ ನೊಬೆಲ್ ಹಂಚಿಕೊಂಡ ಜಾನ್ ಗುಡ್‌ಇನಫ್ ಅವರ ತಂಡ. ಬೆಲೆ ಹೆಚ್ಚೆಂಬುದು ನಿಜ. ಆದರೂ ಕರೆಂಟು ಅರೆಬರೆ ಬರುವ ಊರಿಗೆ ಅದೇ ಸರಿಯೆಂಬುದು ನನ್ನ ಅಭಿಪ್ರಾಯ. ಹಳೆಯ ಇನ್ವರ್ಟರಿಗೆ ನೇರವಾಗಿ ಜೋಡಿಸುವ ಮುನ್ನ ಅದರ ಚಾರ್ಜರ್ ಲಿಥಿಯಂಗೆ ಹೊಂದುತ್ತದೆಯೇ ಎಂದು ಮಾತ್ರ ಖಚಿತಪಡಿಸಿಕೊಳ್ಳಬೇಕು. ಸೀಸದ್ದನ್ನೇ ಇಟ್ಟುಕೊಳ್ಳುವವರು ಅದನ್ನು ಗಾಳಿಯಾಡುವ ಜಾಗದಲ್ಲಿಡಬೇಕು; ಚಾರ್ಜಿನ ಕೊನೆಯಲ್ಲಿ ಹೊರಬರುವ ಜಲಜನಕವು ಗಾಳಿಯಲ್ಲಿ ಶೇಕಡ 4ರಷ್ಟಾದರೆ ಹೊತ್ತಿಕೊಳ್ಳಬಲ್ಲದು.

ಎರಡನೆಯ ದಿನಕ್ಕೂ ಕರೆಂಟು ಬರದಿದ್ದಾಗ ಪೆಟ್ರೋಲ್ ಜನರೇಟರ್ ತರಿಸುವವರಿದ್ದಾರೆ. ಅದನ್ನು ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಹೊರಗಿನ ಮಾರ್ಗದಿಂದ ಬೇರ್ಪಡಿಸಿ ಜನರೇಟರಿಗೆ ಜೋಡಿಸುವ ಸ್ವಿಚ್ಚು) ಇಲ್ಲದೆ ಮನೆಯ ಪ್ಲಗ್ಗಿಗೆ ಸಿಕ್ಕಿಸುವುದು ಕೊಲೆಗೆ ಸಮ. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿನಲ್ಲಿ ಕೆಲಸಮಾಡುವ ಯಂತ್ರವಾದ್ದರಿಂದ, ಮನೆಯಿಂದ ಹಿಂದಕ್ಕೆ ಹರಿದ 230 ವೋಲ್ಟು ಆಚೆ ಬದಿಯಲ್ಲಿ ಸಾವಿರಾರು ವೋಲ್ಟಾಗಿ, ಸತ್ತ ತಂತಿಯೆಂದು ನಂಬಿ ಕೈಯಿಟ್ಟ ಲೈನ್‌ಮನ್‌ನ ಜೀವ ತೆಗೆಯಬಹುದು.

ಇಷ್ಟೆಲ್ಲ ಸಿದ್ಧತೆಯಾದ ಮೇಲೂ ಇಂಟರ್ನೆಟ್ ನಿಂತರೆ, ಕಾರಣ ಮನೆಯೊಳಗಿರುವುದಿಲ್ಲ. ಹಳೆಯ ಲ್ಯಾಂಡ್‌ಲೈನಿಗೆ ವಿನಿಮಯ ಕೇಂದ್ರದ 48 ವೋಲ್ಟಿನ ಬ್ಯಾಟರಿ ತಾಮ್ರದ ತಂತಿಯಲ್ಲೇ ವಿದ್ಯುತ್ತನ್ನೂ ಕಳಿಸುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ನಡೆಯುತ್ತಿತ್ತು. ಆದರೆ ಈಗಿನ ಫೈಬರಿನ ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ತಲ್ಲ. ದಾರಿಯುದ್ದಕ್ಕೂ ಫೈಬರಿಗೆ ವಿದ್ಯುತ್ತಿನ ಹಂಗಿಲ್ಲದಿರಬಹುದು, ಆದರೆ ಆ ತುದಿಯಲ್ಲಿ ಕೇಬಲ್ ಆಪರೇಟರನ ಕೋಣೆಯಲ್ಲಿರುವ ಪೆಟ್ಟಿಗೆಗೆ ಅದು ಬೇಕೇ ಬೇಕು. ಅಲ್ಲಿನ ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದು ಸಂಪರ್ಕ ತೆಗೆದುಕೊಳ್ಳುವಾಗಲೇ ಕೇಳಬೇಕು. ಅಲ್ಲಿ ನಾಲ್ಕು ಗಂಟೆಯೆಂದಾದರೆ ಮನೆಯಲ್ಲಿ ಹತ್ತು ಗಂಟೆಯ ಬ್ಯಾಟರಿಗೆ ಸುರಿದ ಹಣ ಫ್ಯಾನಿಗೂ ದೀಪಕ್ಕೂ ಒದಗೀತು, ಮೀಟಿಂಗಿಗಲ್ಲ. ಆ ಹಣದಲ್ಲಿ ಸ್ವಲ್ಪವನ್ನು ಬೇರೊಂದು ಕಂಪನಿಯ, ಬೇರೊಂದು ಟವರಿನಿಂದ ಸಿಗ್ನಲ್ ಪಡೆಯುವ ಸಿಮ್ಮಿಗೆ ಎತ್ತಿಡುವುದು ಮೇಲು.