ಮುದ್ರೆಯಿಲ್ಲದ ಹಿಡಿಕೆಗಳನ್ನೂ ಎಣಿಸಿ

ಉತ್ಖನನ ವರದಿಯ ಕರಡು ನನ್ನ ಮೇಜಿಗೆ ಬಂದಾಗ ಮೊದಲು ನೋಡುವುದು ಎಲ್ಲಿಯ ವೈನ್ ಎಷ್ಟು ಪಾಲು ಎಂದು ತೋರಿಸುವ ಆ ದುಂಡನೆಯ ನಕ್ಷೆಯನ್ನು. ಮುಕ್ಕಾಲು ಭಾಗಕ್ಕೆ ಒಂದೇ ಬಣ್ಣ ಬಳಿದು ‘ರೋಡ್ಸ್’ ಎಂದು ಬರೆದಿರುತ್ತಾರೆ. ಕೆಳಗೊಂದು ತೀರ್ಮಾನ: ಈ ಊರಿನವರು ಹೆಚ್ಚಾಗಿ ಕುಡಿಯುತ್ತಿದ್ದದ್ದು ಗ್ರೀಸಿನ ರೋಡ್ಸ್ ದ್ವೀಪದ ವೈನ್. ವೈನ್ ತುಂಬಿ ತಂದ, ಆಂಫೊರಾ ಎಂಬ ಎರಡು ಹಿಡಿಕೆಯ ಮಣ್ಣಿನ ಜಾಡಿಗಳ ಚೂರುಗಳಲ್ಲಿ ಏನನ್ನು ಎಣಿಸಿದಿರಿ ಎಂದು ಕೇಳಿದರೆ ಉತ್ತರ ಯಾವಾಗಲೂ ಒಂದೇ, ‘ಮುದ್ರೆಯಿರುವ ಹಿಡಿಕೆಗಳನ್ನು, ಮೇಡಂ.’

ಮುದ್ರೆಗಳ ಎಣಿಕೆಯಿಂದ ವ್ಯಾಪಾರದ ಅಳತೆ ಸಿಗುವುದಿಲ್ಲ. ಎಷ್ಟು ಸಲ ಹೇಳಿದರೂ ಇದು ತಲೆಗೆ ಹೋಗುತ್ತಿಲ್ಲವಾದ್ದರಿಂದ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ಕ್ರಿ.ಪೂ. 3ನೆಯ ಶತಮಾನದ ಉತ್ತರಾರ್ಧದಿಂದ ರೋಡ್ಸ್‌ನ ಕುಂಬಾರರು ಬಹುತೇಕ ಪ್ರತಿ ಆಂಫೊರಾ ಜಾಡಿಯ ಎರಡೂ ಹಿಡಿಕೆಗಳ ಮೇಲೆ, ಮಣ್ಣು ಹಸಿಯಿರುವಾಗಲೇ, ಮುದ್ರೆ ಒತ್ತುತ್ತಿದ್ದರು. ಒಂದರಲ್ಲಿ ಆ ವರ್ಷದ ಸೂರ್ಯದೇವರ ಅರ್ಚಕನ ಹೆಸರು, ಇನ್ನೊಂದರಲ್ಲಿ ತಯಾರಕನ ಹೆಸರು, ಜೊತೆಗೆ ತಿಂಗಳು. ಹತ್ತಿರದ ಕೋಸ್ ದ್ವೀಪದವರು ಮುದ್ರೆ ಹಾಕುತ್ತಿದ್ದದ್ದು ಅಪರೂಪಕ್ಕೆ. ಕಿಯೋಸ್ ದ್ವೀಪದವರೂ ಹಾಗೆಯೇ. ಈಗ 100 ರೋಡ್ಸ್ ಜಾಡಿಗಳು, 100 ಕೋಸ್ ಜಾಡಿಗಳು ಒಂದೇ ಉಗ್ರಾಣದಲ್ಲಿ ಒಡೆದವು ಎಂದುಕೊಳ್ಳಿ. ಮುದ್ರೆಯಿರುವುದನ್ನಷ್ಟೇ ಆಯ್ದುಕೊಂಡರೆ ರೋಡ್ಸ್‌ನವು ಹತ್ತಿರಹತ್ತಿರ 200 ಸಿಗುತ್ತವೆ, ಕೋಸ್‌ನವು ಬೆರಳೆಣಿಕೆಯಷ್ಟು. ಬಂದ ಜಾಡಿಗಳು ಸಮಸಮ, ನಕ್ಷೆಯಲ್ಲಿ ಮಾತ್ರ ಕೋಸ್ ಮಾಯ. ನೀವು ಅಳೆದದ್ದು ಯಾವ ದ್ವೀಪದವರು ಎಷ್ಟು ಮುದ್ರೆ ಒತ್ತುತ್ತಿದ್ದರು ಎಂಬುದನ್ನು, ಯಾರ ವೈನ್ ಎಷ್ಟು ಬಂತು ಎಂಬುದನ್ನಲ್ಲ.

ತಪ್ಪು ನಿಮ್ಮದೊಬ್ಬರದೇ ಅಲ್ಲ. ಹಿಂದಿನವರು ಮುದ್ರೆಯಿರುವ ತುಂಡನ್ನು ಜೋಪಾನ ಮಾಡಿ ಉಳಿದ ಬೋಕಿಗಳನ್ನು ಮಣ್ಣಿನ ಗುಡ್ಡೆಗೆ ಸುರಿಯುತ್ತಿದ್ದರು. ಅಲೆಕ್ಸಾಂಡ್ರಿಯಾದಲ್ಲಿ ಲೂಕಾಸ್ ಬೆನಾಕಿ ಸಂಗ್ರಹಿಸಿದ ಹಿಡಿಕೆಗಳೇ 66,000ಕ್ಕೂ ಹೆಚ್ಚು. ಹೆಸರುಗಳ ಅಧ್ಯಯನಕ್ಕೆ ಅದು ನಿಧಿ. ಆದರೆ ಆ ನಗರದ ವೈನ್ ಆಮದಿನ ಪಾಲುಗಳನ್ನು ಅದರಿಂದ ಹೇಳಲು ನಾನಂತೂ ಒಪ್ಪುವುದಿಲ್ಲ.

ಹಾಗೆಂದು ಮುದ್ರೆಗಳು ಬೇಡವೆಂದಲ್ಲ. ನನ್ನ ಬದುಕೇ ಅವುಗಳ ಜೊತೆ ಕಳೆದಿದೆ. ಟಾರ್ಚನ್ನು ಓರೆಯಾಗಿ ಹಿಡಿದಾಗ ಮುದ್ರೆಯ ನಡುವಿನ ಸವೆದ ಗುಲಾಬಿಯ ಸುತ್ತ ಒಂದೊಂದೇ ಅಕ್ಷರ ಏಳುವುದನ್ನು ನೋಡುವ ಸುಖ ನನಗೆ ಇನ್ನೂ ಹಳಸಿಲ್ಲ. ಕಾಲ ನಿರ್ಣಯಕ್ಕೆ ಇಷ್ಟು ನೆರವಾಗುವ ವಸ್ತುಗಳು ಕಡಿಮೆ. ಆದರೆ ಅಲ್ಲಿಯೂ ಹಿಡಿಕೆಯೊಂದರದೇ ಸಾಕ್ಷ್ಯ ಸಾಲದು. ಅಥೆನ್ಸ್ ಸುತ್ತಲಿನ ಅಟಿಕಾ ಪ್ರದೇಶದ ಕೊರೋನಿ ಎಂಬ ಕೋಟೆಯನ್ನು 1960ರಲ್ಲಿ ಅಗೆದಾಗ ಈಜಿಪ್ಟಿನ ದೊರೆ ಎರಡನೆಯ ಟಾಲೆಮಿಯ ನಾಣ್ಯಗಳು ಅದನ್ನು ಕ್ರಿ.ಪೂ. 260ರ ದಶಕದ ಯುದ್ಧಕ್ಕೆ ಜೋಡಿಸಿದವು. ಹಿಡಿಕೆಗಳು ಅದಕ್ಕಿಂತ ಹಳೆಯವೆಂಬ ವಾದ ಎದ್ದಿತು. ಈ ಶಾಸ್ತ್ರವನ್ನು ಕಟ್ಟಿದವರಲ್ಲಿ ಮೊದಲಿಗರಾದ ವರ್ಜೀನಿಯಾ ಗ್ರೇಸ್ 1974ರಲ್ಲಿ ತಮ್ಮದೇ ಕಾಲಪಟ್ಟಿಯನ್ನು ತಿದ್ದಿಕೊಂಡರು. ಆ ದೊಡ್ಡತನಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ.

ಹೋದ ವರ್ಷ ನನ್ನ ಬಳಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಇಂಥದ್ದೇ ನಕ್ಷೆ ತಂದಳು. ಬೈಯಲಿಲ್ಲ, ‘ಮುದ್ರೆಯಿಲ್ಲದ ಹಿಡಿಕೆಗಳ ಚೀಲ ಎಲ್ಲಿದೆಯಮ್ಮಾ?’ ಎಂದೆ. ಉಗ್ರಾಣದ ಮೂಲೆಯಿಂದ ಎಳೆದು ತಂದಳು. ಕೋಸ್ ಜಾಡಿಯ ಹಿಡಿಕೆಯನ್ನು ಗುರುತಿಸಲು ಅಕ್ಷರ ಬೇಕಿಲ್ಲ. ಮಣ್ಣಿನ ಎರಡು ಸುರುಳಿಗಳನ್ನು ಪಕ್ಕಪಕ್ಕಕ್ಕೆ ಅಂಟಿಸಿ ಮಾಡಿದ್ದು ಅದು. ನಡುವಿನ ಗೀರು ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುತ್ತದೆ. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲೂ ಇಂಥ ಜೋಡಿ ಹಿಡಿಕೆಗಳು ಸಿಕ್ಕಿವೆ. ಮುಂದೆ ಇಟಲಿಯಲ್ಲೂ ಇದೇ ಮಾದರಿಯಲ್ಲಿ ಮಾಡಿದರು, ಆದ್ದರಿಂದ ಆಕಾರ ಕಂಡೊಡನೆ ಕೋಸ್ ಎಂದು ಬರೆಯಬೇಡಿ, ಮುರಿದ ಅಂಚಿನ ಮಣ್ಣನ್ನೂ ನೋಡಿ.

ಸಂಜೆಯವರೆಗೆ ಇಬ್ಬರೂ ನೆಲದ ಮೇಲೆ ಕುಳಿತು ವಿಂಗಡಿಸಿದೆವು. ಜೋಡಿ ಸುರುಳಿಯ ಹಿಡಿಕೆಗಳ ಗುಡ್ಡೆ ಅವಳ ಮೊಣಕಾಲಿನೆತ್ತರಕ್ಕೆ ಬಂದಾಗ ಅವಳು ತಾನಾಗಿಯೇ ಎದ್ದು ತೂಕದ ಯಂತ್ರ ತಂದಳು.