ಕಡ್ಡಿ ಪೂರ್ತಿ ಇದೆ, ನೆಟ್ ಮಾತ್ರ ಇಲ್ಲ

"ಸಾರ್, ವೈಫೈ ಕಡ್ಡಿ ಪೂರ್ತಿ ತೋರಿಸ್ತಿದೆ, ಆದ್ರೆ ಏನೂ ಓಪನ್ ಆಗ್ತಿಲ್ಲ." ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಇದೇ ದೂರು. ಆ ಕಡ್ಡಿಗಳು ಹೇಳುವುದು ಒಂದೇ ವಿಷಯ: ನಿಮ್ಮ ಫೋನಿಗೂ ರೂಟರ್‌ಗೂ ನಡುವಿನ ಸಿಗ್ನಲ್ ಚೆನ್ನಾಗಿದೆ. ರೂಟರ್ ಆಚೆಗೆ ಏನಾಗಿದೆ ಅನ್ನುವುದು ಅವಕ್ಕೆ ಗೊತ್ತೇ ಇಲ್ಲ. ಬೀದಿ ಕೊನೆಯಲ್ಲಿ ಚರಂಡಿ ಅಗೆಯಲು ಬಂದ ಜೆಸಿಬಿ, ನೆಟ್ಟನ್ನು ಬೆಳಕಿನ ರೂಪದಲ್ಲಿ ಹೊತ್ತು ತರುವ ಫೈಬರ್ ಎಳೆಯನ್ನು ಕಿತ್ತುಹಾಕಿದ್ದರೂ ಮನೆಯೊಳಗೆ ಕಡ್ಡಿ ಪೂರ್ತಿ ಇರುತ್ತದೆ.

ರೂಟರ್ ಅಂತ ನಾವು ಕರೆಯುವ, ಗೋಡೆಗೆ ಕೂರಿಸಿದ ಡಬ್ಬಿ ಒಂದೇ ಆದರೂ ಅದರೊಳಗೆ ಕೆಲಸ ನಾಲ್ಕು. ಹೊರಗಿಂದ ಬರುವ ಬೆಳಕನ್ನು ಡೇಟಾ ಮಾಡುವುದು, ಮನೆಯ ಒಂದೊಂದು ಫೋನಿಗೂ ವಿಳಾಸ ಹಂಚುವುದು, ಒಳಗಿನವರ ಕೋರಿಕೆಯನ್ನು ಹೊರಗೆ ದಾಟಿಸಿ ಉತ್ತರವನ್ನು ಕೇಳಿದವರಿಗೇ ತಲುಪಿಸುವುದು, ಆಮೇಲೆ ವೈಫೈ. ರೂಟರ್‌ನ ಅಸಲಿ ಕೆಲಸ ಮೂರನೆಯದು. ನಾಲ್ಕರಲ್ಲಿ ಯಾವುದು ಕೈಕೊಟ್ಟಿದೆ ಅಂತ ಗೊತ್ತಾದರೆ ಅರ್ಧ ರಿಪೇರಿ ಮುಗಿದ ಹಾಗೆ.

ಮೊದಲು ಬೆಳಕು. ಫೈಬರ್ ಕನೆಕ್ಷನ್‌ನಲ್ಲಿ ನೆಟ್‌ನವರ ಕಡೆಯಿಂದ ಹೊರಟ ಒಂದು ಎಳೆ ದಾರಿಯಲ್ಲಿ ಸ್ಪ್ಲಿಟರ್ ಮೂಲಕ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಕವಲೊಡೆಯುತ್ತದೆ. ಆ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ತಮಾಷೆ ಅಂದರೆ, ಪಕ್ಕದ ಮನೆಯವರ ಡೇಟಾ ನಿಮ್ಮ ಡಬ್ಬಿಗೂ ಬಂದು ಮುಟ್ಟುತ್ತದೆ. ಡಬ್ಬಿ ತನ್ನದನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಗಾಬರಿ ಬೇಡ, ಬೇರೆಯವರಿಗೆ ಓದಲಾಗದಂತೆ ಅದನ್ನು ಎನ್‌ಕ್ರಿಪ್ಟ್ ಮಾಡಿ ಕಳಿಸುವ ವ್ಯವಸ್ಥೆ ಇದೆ. ಈ ಭಾಗದ ಸಮಾಚಾರ ಹೇಳುವುದು ಎರಡು ದೀಪ. ಪಿಒಎನ್ ಅಂತ ಬರೆದಿರುವುದು ಮಿಣುಕದೆ ಉರಿಯುತ್ತಿರಬೇಕು. ಎಲ್‌ಒಎಸ್ ಅಂತ ಬರೆದಿರುವುದು ಆರಿರಬೇಕು. ಅದು ಕೆಂಪಗೆ ಮಿಣುಕುತ್ತಿದೆ ಅಂದರೆ ಬೆಳಕು ಸರಿಯಾಗಿ ಬಂದು ಮುಟ್ಟುತ್ತಿಲ್ಲ. ಆಗ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ. ಟಿವಿ ಸ್ಟ್ಯಾಂಡ್ ಹಿಂದೆ ವೈರ್ ಮಡಚಿಕೊಂಡಿದೆಯಾ ನೋಡಿ. ಫೈಬರ್ ಗಟ್ಟಿಯಾಗಿ ಮಡಚಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಆದರೆ ಕನೆಕ್ಟರ್ ಬಿಚ್ಚಿ ತುದಿಗೆ ಕಣ್ಣಿಟ್ಟು ನೋಡಬೇಡಿ. ಒಳಗೆ ಬರುವುದು ಲೇಸರ್, ಅದೂ ಕಣ್ಣಿಗೆ ಕಾಣದ್ದು.

ದೀಪ ಸರಿ ಇದ್ದರೆ ಐಪಿ ವಿಳಾಸ ನೋಡಿ, ಅಂದರೆ ನೆಟ್‌ವರ್ಕಿನಲ್ಲಿ ಒಂದೊಂದು ಫೋನಿಗೂ ಕಂಪ್ಯೂಟರಿಗೂ ಇರುವ ನಂಬರ್. ಫೋನ್ ವೈಫೈಗೆ ಸೇರಿದ ತಕ್ಷಣ "ನನಗೊಂದು ಐಪಿ ವಿಳಾಸ ಕೊಡಿ" ಅಂತ ಇಡೀ ಮನೆಗೆ ಕೂಗಿ ಕೇಳುತ್ತದೆ. ರೂಟರ್‌ನೊಳಗಿನ ಡಿಎಚ್‌ಸಿಪಿ ಅನ್ನುವ ಭಾಗ 192.168.1.5 ಅಂತೇನೋ ಒಂದನ್ನು ಕೊಟ್ಟು, ಹೊರಗೆ ಹೋಗಬೇಕಾದರೆ 192.168.1.1ರ ಹತ್ತಿರ ಬಾ ಅಂತಲೂ ಹೇಳುತ್ತದೆ. ಆ 192.168.1.1 ರೂಟರೇ. ವಿಂಡೋಸ್ ಕಂಪ್ಯೂಟರಿನಲ್ಲಿ ವಿಳಾಸ 169.254 ಅಂತ ಶುರುವಾಗಿದ್ದರೆ, ಕೂಗಿದ್ದು ಯಾರಿಗೂ ಕೇಳಿಸಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದು ನಂಬರ್ ಇಟ್ಟುಕೊಂಡಿದೆ ಅಂತ ತಿಳಿಯಿರಿ.

ಕೂಗಿಗೆ ಇಬ್ಬರು ಓಗೊಟ್ಟರೆ ಇನ್ನೂ ಕಷ್ಟ. ಒಂದು ಮನೆಯಲ್ಲಿ ಹೀಗೇ ಆಗಿತ್ತು. ಮಹಡಿ ಮನೆ, ಮೇಲೆ ಸಿಗ್ನಲ್ ಸಾಲದು ಅಂತ ಮಗ ಹಳೆ ರೂಟರನ್ನು ಮೇಲಿಟ್ಟು ಕೆಳಗಿನಿಂದ ಕೇಬಲ್ ಎಳೆದಿದ್ದ. ಅಲ್ಲಿಂದ ಶುರುವಾಯಿತು ವಿಚಿತ್ರ. ಬೆಳಿಗ್ಗೆ ಅಪ್ಪನ ಫೋನಿಗೆ ನೆಟ್ ಬಂದರೆ ಅಮ್ಮನ ಫೋನಿಗಿಲ್ಲ, ಸಂಜೆ ಉಲ್ಟಾ. "ನಿಮ್ಮ ಲೈನೇ ಸರಿಯಿಲ್ಲ ಕಣಪ್ಪಾ" ಅಂತ ಯಜಮಾನರು ನನಗೆ ಚೆನ್ನಾಗಿ ಬೈದರು. ಕೈಕೊಟ್ಟ ಫೋನಿನ ವಿಳಾಸ ನೋಡಿದೆ: 192.168.0.101. ಆ ಮನೆಯ ಮುಖ್ಯ ರೂಟರ್ 192.168.1ರ ಸಾಲಿನಲ್ಲಿ ಕೊಡಬೇಕು. ಅಂದರೆ ಹಳೆ ರೂಟರೂ ವಿಳಾಸ ಹಂಚುತ್ತಿದೆ! ಯಾರು ಮೊದಲು ಉತ್ತರಿಸಿದರೋ ಅವರ ಮಾತನ್ನು ಫೋನ್ ನಂಬುತ್ತದೆ. ಹಳೆಯದನ್ನು ನಂಬಿದ ಫೋನ್ ಕೆಟ್ಟಿತು, ಯಾಕೆಂದರೆ ಕೆಳಗಿನಿಂದ ಬಂದ ಕೇಬಲನ್ನು ಹಳೆ ರೂಟರಿನ ಒಳಗಿನ ಪೋರ್ಟಿಗೆ ಚುಚ್ಚಿದ್ದರು, ನೆಟ್ ಬರಬೇಕಾದ ಹೊರಬಾಗಿಲ ಪೋರ್ಟಿಗೆ ಏನೂ ಸೇರಿಸಿರಲಿಲ್ಲ. ಹಳೆ ರೂಟರಿನಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ 192.168.1.2 ಅಂತ ವಿಳಾಸ ಕೊಟ್ಟೆ. ಕೇಬಲನ್ನು ಇದ್ದ ಪೋರ್ಟಿನಲ್ಲೇ ಬಿಟ್ಟೆ. ತೊಂದರೆ ಅಲ್ಲಿಗೆ ನಿಂತಿತು.

ಈಗ ಮೂರನೆಯ ಕೆಲಸ. ನಿಮ್ಮ 192.168.1.5 ಇದೆಯಲ್ಲ, ಅದೇ ನಂಬರ್ ನಿಮ್ಮ ಬೀದಿಯ ಇನ್ನೆಷ್ಟೋ ಮನೆಗಳಲ್ಲೂ ಇದೆ. ಮನೆಯಿಂದಾಚೆ ಅದಕ್ಕೆ ಬೆಲೆ ಇಲ್ಲ. ಹಳೆ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಇವು ಸಾಲುವುದಿಲ್ಲ ಅಂತ ಗೊತ್ತಾದ ಮೇಲೆ, ಯಾರು ಬೇಕಾದರೂ ಮನೆಯೊಳಗೆ ಬಳಸಿಕೊಳ್ಳಲಿ ಅಂತ ಕೆಲವು ಸಾಲುಗಳನ್ನು ಬೇರೆ ತೆಗೆದಿಟ್ಟರು. 1996ರ ನಿಯಮದಲ್ಲಿ 192.168ರ ಸಾಲೂ ಸೇರಿದೆ. ಹೊರಗೆ ಹೋಗುವಾಗ ಈ ಒಳ ವಿಳಾಸವನ್ನು ತೆಗೆದು ತನ್ನ ಹೊರ ವಿಳಾಸವನ್ನು ಅಂಟಿಸುವುದೇ ರೂಟರ್ ಮಾಡುವ ನ್ಯಾಟ್.

ಒಂದು ಉದಾಹರಣೆ ನೋಡಿ. ಅಮ್ಮನ ಫೋನ್ 192.168.1.5, ಮಗಳ ಲ್ಯಾಪ್‌ಟಾಪ್ 192.168.1.8. ಇಬ್ಬರೂ ಒಂದೇ ಹೊತ್ತಿಗೆ ಯೂಟ್ಯೂಬ್ ತೆರೆದರು ಅನ್ನಿ. ಅಮ್ಮನ ಕೋರಿಕೆಗೆ ರೂಟರ್ ತನ್ನ ಹೊರ ವಿಳಾಸದ ಜೊತೆ 40001 ಅಂತ ಪೋರ್ಟ್ ನಂಬರ್ (ಕೇಬಲ್ ಚುಚ್ಚುವ ಪೋರ್ಟ್ ಅಲ್ಲ, ಬರೀ ಗುರುತಿನ ನಂಬರ್) ಹಾಕಿ ಕಳಿಸುತ್ತದೆ, ಮಗಳದ್ದಕ್ಕೆ 40002. ತನ್ನ ಮೆಮೊರಿಯ ಪಟ್ಟಿಯಲ್ಲಿ 40001 ಅಂದರೆ .5, 40002 ಅಂದರೆ .8 ಅಂತ ಎರಡು ಸಾಲು ಬರೆದಿಡುತ್ತದೆ. ಯೂಟ್ಯೂಬ್ ಕಣ್ಣಿಗೆ ಇಬ್ಬರ ವಿಳಾಸವೂ ಒಂದೇ. ಉತ್ತರ 40001ಕ್ಕೆ ಬಂದರೆ ಪಟ್ಟಿ ನೋಡಿ ಅಮ್ಮನಿಗೆ. ಪಟ್ಟಿಯಲ್ಲಿ ಇಲ್ಲದ ನಂಬರಿಗೆ ಹೊರಗಿಂದ ಏನಾದರೂ ಬಂದರೆ? ಯಾರಿಗೆ ಕೊಡಬೇಕೋ ಗೊತ್ತಿಲ್ಲ, ಬಿಸಾಡುತ್ತದೆ. ಮನೆಯ ಪ್ರಿಂಟರ್ ಹೊರಗಿನವರ ಕೈಗೆ ಸುಲಭವಾಗಿ ಸಿಗದಿರುವುದಕ್ಕೆ ಇದೂ ಒಂದು ಕಾರಣ. ವಿಳಾಸ ಉಳಿಸಲು ಮಾಡಿದ ಉಪಾಯದಿಂದ ಸ್ವಲ್ಪ ಕಾವಲೂ ಸಿಕ್ಕಿತು, ಅಷ್ಟೆ.

ಒಂದೊಂದು ಆಪ್ ಹತ್ತಾರು ಸಾಲು ತಿನ್ನುತ್ತದೆ. ಅಗ್ಗದ ರೂಟರ್‌ಗೆ ಮೆಮೊರಿ ಕಮ್ಮಿ. ಮನೆಗೆ ನೆಂಟರು ಬಂದು, ಎಲ್ಲರ ಫೋನೂ ಸೇರಿ ಪಟ್ಟಿ ತುಂಬಿದರೆ ಅದು ಏದುಸಿರು ಬಿಡುತ್ತದೆ. ಆಫ್ ಮಾಡಿ ಆನ್ ಮಾಡಿದಾಗ ಪಟ್ಟಿ ಖಾಲಿಯಾಗುತ್ತದೆ, ಎಲ್ಲ ಸರಿಹೋಗುತ್ತದೆ. ಆ ಮಂತ್ರ ಫಲಿಸುವ ಕಾರಣಗಳಲ್ಲಿ ಇದೂ ಒಂದು. ಆದರೆ ದಿನಾ ಹಾಗೆ ಮಾಡಬೇಕಾಗುತ್ತಿದ್ದರೆ ರೂಟರ್ ಬದಲಿಸಿ, ಅಥವಾ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ಹಳೆಯದಾದ 12 ವೋಲ್ಟ್ ಅಡಾಪ್ಟರ್ ಕೊಡುವ ಕಾಟ ಅಷ್ಟಿಷ್ಟಲ್ಲ.

ತೋಟದ ಸಿಸಿಟಿವಿಯನ್ನು ಊರಿಂದ ನೋಡಬೇಕು, ಪೋರ್ಟ್ ಫಾರ್ವರ್ಡ್ ಮಾಡಿಕೊಡಿ ಅಂತ ಕೇಳುವವರಿದ್ದಾರೆ. ಅಂದರೆ ಪಟ್ಟಿಯಲ್ಲಿ ಒಂದು ಸಾಲನ್ನು ನಾವೇ ಕಾಯಂ ಬರೆಯುವುದು. ಅದಕ್ಕೆ ಮೊದಲು ರೂಟರ್ ಪುಟದಲ್ಲಿ (ಬ್ರೌಸರಿನಲ್ಲಿ ರೂಟರ್ ವಿಳಾಸ ಹಾಕಿದರೆ ತೆರೆಯುವ ಸೆಟ್ಟಿಂಗ್ಸ್ ಪುಟ) ವ್ಯಾನ್ ವಿಳಾಸ, ಅಂದರೆ ರೂಟರಿನ ಹೊರ ವಿಳಾಸ, ನೋಡಿ. 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮ್ಮ ನೆಟ್‌ನವರೂ ಮೇಲೊಂದು ನ್ಯಾಟ್ ಹಾಕಿದ್ದಾರೆ. ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಯಿತು. ಅವರಾದರೂ ಎಲ್ಲಿಂದ ತರಬೇಕು, ಅಲ್ವಾ? ನಿಮ್ಮ ರೂಟರಿನಲ್ಲಿ ಏನು ಬರೆದರೂ ಅವರ ಪಟ್ಟಿಯಲ್ಲಿ ಆ ಸಾಲು ಇರುವುದಿಲ್ಲ. ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೇ ಅಂತ ಕಾಯಂ ಹೊರ ವಿಳಾಸ, ತಗೋಬೇಕು, ಇಲ್ಲವೇ ಕ್ಯಾಮೆರಾದವರ ಆಪ್‌ನಲ್ಲೇ ನೋಡಬೇಕು.

ವೈಫೈ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ರೇಡಿಯೋ ಅಲೆಗಳಲ್ಲಿ 2.4 ಗಿಗಾಹರ್ಟ್ಸ್‌ನದ್ದು ದೂರ ಹೋಗುತ್ತದೆ, ಆದರೆ ಅಲ್ಲಿ ಅಕ್ಕಪಕ್ಕದವರ ಗದ್ದಲ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲ ಇವೆ. 5 ಗಿಗಾಹರ್ಟ್ಸ್ ವೇಗ, ಆದರೆ ಗೋಡೆ ಕಂಡರೆ ಆಗುವುದಿಲ್ಲ. ಡಬ್ಬಿಯನ್ನು ಕಬ್ಬಿಣದ ಬೀರು ಹಿಂದೆ ಇಟ್ಟು ನನ್ನನ್ನು ಕೇಳಬೇಡಿ. 200 ಎಂಬಿಪಿಎಸ್ ಪ್ಲಾನ್ ಹಾಕಿಸಿ, ಕೇಬಲ್ ಸೇರಿಸಿದ ಕಂಪ್ಯೂಟರಿನಲ್ಲಿ ಯಾವಾಗ ನೋಡಿದರೂ ಸ್ಪೀಡ್ 94ರ ಆಸುಪಾಸಿಗೇ ನಿಂತರೆ ಲೈನ್ ಮೇಲೆ ಅನುಮಾನ ಬೇಡ. ಪೋರ್ಟೇ 100 ಎಂಬಿಪಿಎಸ್‌ನದ್ದಿರಬೇಕು, ಇಲ್ಲವೇ ಕೇಬಲಿನ ಎಂಟು ಎಳೆಗಳಲ್ಲಿ ಒಂದನ್ನು ತುದಿಯ ಪ್ಲಗ್‌ಗೆ ಸರಿಯಾಗಿ ಒತ್ತಿ ಕೂರಿಸಿಲ್ಲ.

ವೈಫೈ ಪಾಸ್‌ವರ್ಡ್ ಬೇರೆ, ರೂಟರ್ ಪುಟಕ್ಕೆ ಹೋಗುವ ಪಾಸ್‌ವರ್ಡ್ ಬೇರೆ. ಎರಡನೆಯದನ್ನು ತುಂಬಾ ಜನ ಬದಲಿಸುವುದೇ ಇಲ್ಲ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗಿದ್ದು ಕಾರ್ಖಾನೆಯಲ್ಲಿ ಇಟ್ಟ ಇಂಥ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡಿಯೇ.

ಕೊನೆಗೆ, ಹಿಂದೆ ಇರುವ ಸಣ್ಣ ರೀಸೆಟ್ ತೂತಿನ ವಿಚಾರ. ಆಫ್ ಮಾಡಿ ಆನ್ ಮಾಡುವುದೂ ಇದೂ ಒಂದೇ ಅಂತ ಸುಮ್ನೆ ಪಿನ್ ಚುಚ್ಚುತ್ತಾರೆ. ಹತ್ತು ಸೆಕೆಂಡ್ ಒತ್ತಿ ಹಿಡಿದರೆ ರೂಟರ್‌ನಲ್ಲಿ ನಾವು ಬರೆದಿಟ್ಟದ್ದೆಲ್ಲ ಅಳಿಸಿಹೋಗುತ್ತದೆ, ನೆಟ್‌ನವರ ಕಡೆಗೆ ಲಾಗಿನ್ ಆಗಲು ರೂಟರ್ ಬಳಸುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಕೂಡ. ಇವತ್ತೇ ಆ ಪುಟ ತೆರೆದು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಪಾಸ್‌ವರ್ಡ್ ಚುಕ್ಕಿಗಳಾಗಿ ಕಂಡರೆ ನೆಟ್‌ನವರನ್ನೇ ಕೇಳಿ ಬರೆದಿಡಿ. ಭಾನುವಾರ ರಾತ್ರಿ ಅವರು ಫೋನ್ ಎತ್ತುವುದಿಲ್ಲ.